ಒತ್ತಕ್ಷರಕ್ಕೆ ಸೊಂಟ ಹಿಡಿಯಿತು

ಅಮ್ಮನಿಗೆ 70 ತುಂಬಲು ಇನ್ನು ಐದು ದಿನ ಇತ್ತು. ಬಟ್ಟೆ ಬೇಡ, ಒಡವೆ ಬೇಡ, ಸುಮ್ನೆ ದುಡ್ಡು ದಂಡ ಅಂತ ಅವಳು ಮೊದಲೇ ತಾಕೀತು ಮಾಡಿದ್ದಳು. ಹಾಗಾಗಿ ಖರ್ಚಿಲ್ಲದ್ದೇನಾದರೂ ಕೊಡಬೇಕಿತ್ತು. ನನಗೆ ಹೊಳೆದದ್ದು ಬೆಳಕು. ಕತ್ತಲಲ್ಲಿ ನಮ್ಮ ಮನೆ. ಅದರ ಮುಂದೆ ಗಾಳಿಯಲ್ಲಿ ಮಿನುಗುವ ‘ಅಮ್ಮ’. ಒಂದೇ ಫೋಟೊ. ಎರಡೇ ಅಕ್ಷರ. 30 ಸೆಕೆಂಡಿನ ಕೆಲಸ.

ನಾಲ್ಕು ರಾತ್ರಿ ಹಿಡಿಯಿತು.

ಇದಕ್ಕೆ ಲೈಟ್ ಪೇಂಟಿಂಗ್ ಅಂತಾರೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ, ಬೆಳಕನ್ನು ಒಳಗೆ ಬಿಡುವ ಬಾಗಿಲನ್ನು, ಅಂದರೆ ಷಟರನ್ನು, ಅರ್ಧ ನಿಮಿಷ ತೆರೆದಿಟ್ಟು, ಅಷ್ಟರೊಳಗೆ ಟಾರ್ಚ್ ಹಿಡಿದು ಕತ್ತಲಲ್ಲಿ ಓಡಾಡಬೇಕು. ಟಾರ್ಚ್ ಹೋದ ದಾರಿಯೆಲ್ಲ ಗೆರೆಯಾಗಿ ಉಳಿಯುತ್ತದೆ. ಟಾರ್ಚ್ ಹಿಡಿದವನ ಮೇಲೆ ಬೆಳಕು ಬೀಳದಿದ್ದರೆ ಅವನು ಫೋಟೊದಲ್ಲಿ ಇರುವುದೇ ಇಲ್ಲ. ಗುಟ್ಟೇನಪ್ಪಾ ಅಂದರೆ, ಕ್ಯಾಮೆರಾ ಒಳಗೆ ಬಂದ ಬೆಳಕನ್ನೆಲ್ಲ ಕೂಡಿಸುತ್ತಾ ಹೋಗುತ್ತದೆ. ಕೂಡುವ ಲೆಕ್ಕ ಬಿಟ್ಟು ಬೇರೆ ಅದಕ್ಕೆ ಬಾರದು. ಕತ್ತಲೆ ಅಂದರೆ ಸೊನ್ನೆ. ಎಷ್ಟು ಸೊನ್ನೆ ಕೂಡಿಸಿದರೂ ಸೊನ್ನೆಯೇ. ಆದರೆ ಒಮ್ಮೆ ಬಿದ್ದ ಬೆಳಕು ಬಿದ್ದದ್ದೇ. ರಬ್ಬರ್ ಇಲ್ಲದ ಪೆನ್ಸಿಲ್ ಇದು. ಓದುವಾಗ ಇದೆಲ್ಲ ಭಾರಿ ಸರಳ ಅನ್ನಿಸಿತ್ತು.

ಮೊದಲ ರಾತ್ರಿ ಕ್ಯಾಮೆರಾ ಫೋಟೊ ತೆಗೆಯಲು ಒಪ್ಪಲೇ ಇಲ್ಲ. ಕತ್ತಲಲ್ಲಿ ಆಟೊಫೋಕಸ್‌ಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಲೆನ್ಸು ಒಳಗೆ ಹೋಯಿತು, ಹೊರಗೆ ಬಂತು, ಗುರ್ ಗುರ್ ಅಂದಿತು, ಕನ್ನಡಕ ಹುಡುಕುವ ಅಪ್ಪನ ಹಾಗೆ ಗೊಣಗಿ ಸುಮ್ಮನಾಯಿತು. ಇದಕ್ಕೊಂದು ಉಪಾಯ ಇದೆ. ಬರೆಯುವ ಜಾಗದಲ್ಲಿ ಯಾರನ್ನಾದರೂ ನಿಲ್ಲಿಸಿ, ಅವರ ಮೇಲೆ ಟಾರ್ಚ್ ಬಿಟ್ಟು ಫೋಕಸ್ ಮಾಡಿ, ಆಮೇಲೆ ಮ್ಯಾನ್ಯುಯಲ್‌ಗೆ ಬದಲಿಸಿಬಿಡಬೇಕು. ಮಗಳನ್ನು ನಿಲ್ಲಿಸಿದೆ. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಐಎಸ್‌ಒ 100, ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನುವ ಅಪರ್ಚರ್ ಎಫ್ 8. ಬೆರಳು ಒತ್ತಿದಾಗ ಕ್ಯಾಮೆರಾ ಅಲುಗಬಾರದು, ನನಗೂ ಓಡಿ ಹೋಗಿ ನಿಲ್ಲಲು ಸಮಯ ಬೇಕು ಅಂತ 10 ಸೆಕೆಂಡ್ ಟೈಮರ್ ಇಟ್ಟೆ. ಗುಂಡಿ ಒತ್ತಿ ಓಡಿದೆ. ಕಾಲು ಟ್ರೈಪಾಡಿನ ಕಾಲಿಗೆ ತಗುಲಿತು. ಮೂರು ಕಾಲಿನದು ನಿಂತಿತು. ಎರಡು ಕಾಲಿನವನು ಬಿದ್ದೆ.

1889ರಲ್ಲಿ ಫ್ರಾನ್ಸಿನ ಎಟಿಯೆನ್-ಜೂಲ್ ಮರೇ ಮತ್ತು ಜಾರ್ಜ್ ಡೆಮೆನಿ ಎಂಬ ಇಬ್ಬರು, ಮನುಷ್ಯ ಹೇಗೆ ನಡೆಯುತ್ತಾನೆ ಅಂತ ನೋಡಲು ಒಬ್ಬನ ಮೈಗೆ ಪುಟ್ಟ ಬಲ್ಬುಗಳನ್ನು ಕಟ್ಟಿ ಹೀಗೇ ಫೋಟೊ ತೆಗೆದಿದ್ದರು. ಈ ವಿದ್ಯೆ ಶುರುವಾಗಿದ್ದೇ ಅಲ್ಲಿಂದ ಅಂತಾರೆ. ಆ ಹೊತ್ತಿಗೆ ನನ್ನ ಮೊಣಕಾಲಿಗೂ ಒಂದು ಬಲ್ಬ್ ಇದ್ದಿದ್ದರೆ ವಿಜ್ಞಾನಕ್ಕೆ ಸ್ವಲ್ಪ ಉಪಕಾರವಾಗುತ್ತಿತ್ತು.

ಎದ್ದು, ಮೊಣಕಾಲು ಉಜ್ಜಿಕೊಂಡು, ಮತ್ತೆ ತೆಗೆದೆ. 30 ಸೆಕೆಂಡ್ ಆಯಿತು. ಫೋಟೊ ಕಾಣಿಸಲಿಲ್ಲ. ಪರದೆ ಮೇಲೆ ‘ಬ್ಯುಸಿ’ ಅಂತ ಬಂತು. ಗುಂಡಿಗಳನ್ನೆಲ್ಲ ಒತ್ತಿದೆ. ಜಪ್ಪಯ್ಯ ಅನ್ನಲಿಲ್ಲ. ಹ್ಯಾಂಗ್ ಆಗಿದೆ ಅಂತ ಬ್ಯಾಟರಿ ಕಿತ್ತು ಮತ್ತೆ ಹಾಕಿದೆ. ಫೋಟೊ ಮಾಯ. ಇನ್ನೊಂದು ತೆಗೆದೆ. ಮತ್ತೆ ‘ಬ್ಯುಸಿ’. ಮತ್ತೆ ಬ್ಯಾಟರಿ. ಮೂರನೇ ಸಲ ಬ್ಯಾಟರಿ ಕೀಳಲು ಕೈ ಹಾಕಿದಾಗ ಮಗಳು ಮೊಬೈಲ್ ನೋಡುತ್ತಾ ತಲೆ ಎತ್ತದೆ ಹೇಳಿದಳು: “ಅಪ್ಪಾ, ಅದು ಕೆಟ್ಟಿಲ್ಲ. ಕೆಲಸ ಮಾಡ್ತಾ ಇದೆ.”

ಷಟರ್ ಜಾಸ್ತಿ ಹೊತ್ತು ತೆರೆದಿದ್ದರೆ ಬೆಳಕು ಹಿಡಿಯುವ ಸೆನ್ಸರ್ ಬಿಸಿಯಾಗಿ ಅಲ್ಲಲ್ಲಿ ಸುಳ್ಳು ಚುಕ್ಕಿಗಳು ಮೂಡುತ್ತವಂತೆ. ಅದಕ್ಕೆ ಕ್ಯಾಮೆರಾ 30 ಸೆಕೆಂಡಿನ ಫೋಟೊ ಆದಮೇಲೆ ಬಾಗಿಲು ಮುಚ್ಚಿಕೊಂಡು ಇನ್ನೂ 30 ಸೆಕೆಂಡ್ ಬರೀ ಕತ್ತಲಿನ ಫೋಟೊ ತೆಗೆಯುತ್ತದೆ. ಅದರಲ್ಲೂ ಕಾಣಿಸುವ ಚುಕ್ಕಿಗಳನ್ನು ಮೊದಲಿನದರಿಂದ ಕಳೆಯುತ್ತದೆ. ಕ್ಯಾಮೆರಾಗೆ ಕೂಡುವುದಷ್ಟೇ ಗೊತ್ತು ಅಂದೆನಲ್ಲ, ಅದು ಪೂರ್ತಿ ಸರಿಯಲ್ಲ. ಕಳೆಯಲೂ ಬರುತ್ತದೆ. ಆದರೆ ತನ್ನ ತಪ್ಪನ್ನು ಮಾತ್ರ. ನಮ್ಮದನ್ನಲ್ಲ.

ಎರಡನೇ ರಾತ್ರಿ ಫ್ರೇಮಿನ ಚಿಂತೆ. ಹಗಲಲ್ಲಾದರೆ ಕಣ್ಣಿಟ್ಟು ನೋಡಿ, ಇದು ಒಳಗೆ, ಅದು ಹೊರಗೆ ಅನ್ನಬಹುದು. ಕತ್ತಲಲ್ಲಿ ಫ್ರೇಮಿನ ಗಡಿ ಎಲ್ಲಿ ಅಂತ ಗಾಳಿಯಲ್ಲಿ ನಿಂತವನಿಗೆ ಗೊತ್ತಾಗುವುದಿಲ್ಲ. ಗಡಿ ದಾಟಿ ಬರೆದರೆ ಅರ್ಧ ಅಕ್ಷರ ಗೋವಿಂದ. ಹಾಗಾಗಿ ಬೆಳಕಿದ್ದಾಗಲೇ ಫ್ರೇಮ್ ನೋಡಿ, ನೆಲದ ಮೇಲೆ ಎರಡು ಕಡೆ ಗುರುತು ಇಡಬೇಕು. ಬಾಗಿಲಲ್ಲಿ ಕೈಗೆ ಸಿಕ್ಕ ಒಂದು ಜೊತೆ ಚಪ್ಪಲಿ ತಂದು ಎಡಕ್ಕೊಂದು, ಬಲಕ್ಕೊಂದು ಇಟ್ಟೆ. ಕತ್ತಲಲ್ಲಿ ಕಾಲಲ್ಲೇ ತಡವಿ ನೋಡಬಹುದು. ಇದೊಂದು ಒಳ್ಳೆಯ ಉಪಾಯ ಅಂತ ಈಗಲೂ ಹೇಳುತ್ತೇನೆ, ಆ ಚಪ್ಪಲಿ ಯಾರದು ಅಂತ ಆಗಲೇ ನೋಡಿದ್ದರೆ ಇನ್ನೂ ಒಳ್ಳೆಯದಿತ್ತು.

ಅಕ್ಷರಕ್ಕಿಂತ ಮೊದಲು ಮನೆ ಕಾಣಬೇಕಲ್ಲ. ಅದಕ್ಕೆ ಗೋಡೆಗೆ ಟಾರ್ಚಿನಿಂದ ಬೆಳಕು ಬಳಿಯಬೇಕು. ಸುಣ್ಣ ಹೊಡೆದ ಹಾಗೇ, ಕೈ ಎಲ್ಲೂ ನಿಲ್ಲಬಾರದು. ನಿಂತ ಕಡೆ ಬೆಳ್ಳಗೆ ಮಚ್ಚೆ ಬೀಳುತ್ತದೆ. ಎದುರಿನಿಂದ ಬಿಡುವುದಕ್ಕಿಂತ ಪಕ್ಕದಿಂದ ಓರೆಯಾಗಿ ಬಿಟ್ಟರೆ ಗೋಡೆಯ ಉಬ್ಬು ತಗ್ಗೆಲ್ಲ ಎದ್ದು ಕಾಣುತ್ತದೆ. ನಾನು ಅಷ್ಟೂ ಸರಿಯಾಗಿ ಮಾಡಿದೆ. ಕಪ್ಪು ಬಟ್ಟೆ ಹಾಕಿಕೊಳ್ಳಬೇಕು ಅನ್ನುವುದನ್ನು ಮಾತ್ರ ಮರೆತೆ. ಸೆಕೆ ಅಂತ ಬಿಳಿ ಬನಿಯನ್‌ನಲ್ಲಿದ್ದೆ.

ಫೋಟೊದಲ್ಲಿ ಗೋಡೆ ಚೆನ್ನಾಗಿ ಬಂದಿತ್ತು. ಅದರ ಪಕ್ಕದಲ್ಲಿ ತಲೆ ಇಲ್ಲದ, ಕೈಕಾಲಿಲ್ಲದ ಒಂದು ಬನಿಯನ್ ಗಾಳಿಯಲ್ಲಿ ನಿಂತಿತ್ತು. ಅದೂ ಪಾರದರ್ಶಕವಾಗಿ. ಹಿಂದಿನ ಕಿಟಕಿಯ ಸರಳು ಅದರೊಳಗಿಂದ ಕಾಣುತ್ತಿತ್ತು. ಮಗಳು ಅದನ್ನು ತನ್ನ ಗೆಳತಿಯರಿಗೆಲ್ಲ ಕಳಿಸಿದಳು.

ಹೋಗಿ ಕಪ್ಪು ಅಂಗಿ ಹಾಕಿಕೊಂಡು ಬಂದೆ. ಈ ಸಲ ಗೋಡೆ ಮುಗಿದು, ಇನ್ನೇನು ಎಂಟು ಸೆಕೆಂಡ್ ಉಳಿದಿತ್ತು. ಅಪ್ಪ ಎದ್ದು ಬಚ್ಚಲ ಲೈಟ್ ಹಾಕಿದರು. ಫ್ರೇಮಿನ ನಟ್ಟನಡುವೆ ಬಚ್ಚಲ ಕಿಟಕಿ ಸೂರ್ಯನ ಹಾಗೆ ಉರಿಯಿತು. ಅಪ್ಪ ರಾತ್ರಿ ಎಷ್ಟು ಗಂಟೆಗೆ ಏಳುತ್ತಾರೆ ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ನನ್ನ ಹತ್ತಿರ ಸಾಕ್ಷಿ ಸಮೇತ ಇದೆ: 11:10, 12:25. ಅವರ ಹಿಂದೆಯೇ ಅಮ್ಮನಿಗೂ ಎಚ್ಚರವಾಯಿತು.

“ಯಾರದು ಅಂಗಳದಲ್ಲಿ?”

“ನಾನಮ್ಮಾ.”

“ಈ ಹೊತ್ತಲ್ಲಿ ಏನೋ ಮಾಡ್ತಿದ್ದೀಯ?”

“ಏನಿಲ್ಲ, ನಾಯಿ ಓಡಿಸ್ತಿದ್ದೆ.”

“ಕಪ್ಪು ಅಂಗಿ ಹಾಕ್ಕೊಂಡಾ?”

ಮೂರನೇ ರಾತ್ರಿ ಅಕ್ಷರಕ್ಕೆ ಇಳಿದೆ. ಇಲ್ಲಿ ನಮ್ಮ ಟಾರ್ಚಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದಕ್ಕಿರುವುದು ಒಂದೇ ಗುಂಡಿ. ಒಮ್ಮೆ ಒತ್ತಿದರೆ ಜೋರು. ಇನ್ನೊಮ್ಮೆ ಒತ್ತಿದರೆ ಮಂದ. ಮತ್ತೊಮ್ಮೆ ಒತ್ತಿದರೆ ಮಿಣಮಿಣ ಮಿನುಗು. ನಾಲ್ಕನೇ ಸಲಕ್ಕೆ ಆರುತ್ತದೆ. ಕಪಾಟಿನ ಕೆಳಗೆ ಬಿದ್ದದ್ದನ್ನು ಹುಡುಕಲು ಇಷ್ಟೆಲ್ಲ ಯಾಕೆ ಬೇಕು ಅಂತ ಮಾಡಿದವರನ್ನೇ ಕೇಳಬೇಕು. ನನಗೋ, ‘ಅ’ ಮುಗಿಸಿ ‘ಮ’ ಶುರುಮಾಡುವ ನಡುವೆ ಟಾರ್ಚ್ ಆರಲೇಬೇಕು. ಇಲ್ಲದಿದ್ದರೆ ಅಕ್ಷರಗಳಿಗೆ ಬಾಲ ಅಂಟಿಕೊಳ್ಳುತ್ತದೆ. ಆರಿಸಬೇಕಾದರೆ ಮಂದವನ್ನೂ ಮಿನುಗನ್ನೂ ದಾಟಿಕೊಂಡೇ ಹೋಗಬೇಕು. ಹಾಗಾಗಿ ನನ್ನ ಪ್ರತಿ ಅಕ್ಷರದ ಕೊನೆಗೂ ಒಂದು ಮಸುಕು ಗೆರೆ, ಅದರ ಮುಂದೆ ಸಾಲು ಚುಕ್ಕಿ. ಏನೋ ಹೇಳಲು ಹೋಗಿ ಮಾತು ನುಂಗಿಕೊಂಡವರು ಬರೆದ ಹಾಗಿತ್ತು. ಕೊನೆಗೆ ಗುಂಡಿಯ ಸಹವಾಸ ಬಿಟ್ಟು, ಅಂಗೈಯಿಂದ ಟಾರ್ಚಿನ ಮುಖ ಮುಚ್ಚಿದೆ. ಬೆರಳ ಸಂದಿಯಲ್ಲಿ ಕೆಂಪು ಬೆಳಕು ಸೋರಿತು. ಹಳೆಯ ಕಾಲುಚೀಲ ತೊಡಿಸಿದ ಮೇಲೆ ನಿಂತಿತು.

ಇನ್ನು ಒತ್ತಕ್ಷರ. ಇಂಗ್ಲಿಷಿನವರಿಗೆ ಈ ಕಷ್ಟವೇ ಇಲ್ಲ. ಅವರ ಅಕ್ಷರಗಳೆಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ನಮ್ಮದಕ್ಕೆ ಕೆಳಮನೆಯೂ ಉಂಟು. ಟಾರ್ಚಿನ ಮುಖ ಕ್ಯಾಮೆರಾ ಕಡೆಗೇ ಇರಬೇಕು, ಕೈ ಮಾತ್ರ ಮೊಣಕಾಲಿನ ಕೆಳಗೆ ಇಳಿಯಬೇಕು, ಅಲ್ಲಿ ಸುರುಳಿ ಸುತ್ತಬೇಕು, ಅದೂ ಬರೆದದ್ದು ಎಲ್ಲಿದೆ ಅಂತ ಕಾಣದೆ. ಎಂಟನೇ ಸಲ ಒತ್ತು ಕೊಡುವಾಗ ಸೊಂಟ ಹಿಡಿಯಿತು. ಬಗ್ಗಿದವನು ಬಗ್ಗಿದ ಹಾಗೇ ನಿಂತೆ. ಹೆಂಡತಿ ಬಂದು ಎತ್ತಿ ನಿಲ್ಲಿಸಿದಳು.

“ರೀ, ‘ತಾಯಿ’ ಅಂತ ಬರೀಬಹುದಿತ್ತಲ್ವಾ? ಒತ್ತೇ ಇರಲ್ಲ.”

ಮೂರು ರಾತ್ರಿಯಾದ ಮೇಲೆ ಹೇಳುತ್ತಾಳೆ.

ಅಷ್ಟರಲ್ಲಿ ಪಕ್ಕದ ಮನೆಯವರು ಎದ್ದು ಬಂದರು. ಅಂಗಳದಲ್ಲಿ ಟಾರ್ಚ್ ಹಿಡಿದು ಬಗ್ಗಿ ಎದ್ದು ಮಾಡುತ್ತಿರುವ ನನ್ನನ್ನು ನೋಡಿ ಏನೋ ಕಳೆದುಹೋಗಿದೆ ಅಂದುಕೊಂಡಿದ್ದರು. ಒಳ್ಳೆಯ ಜನ. ಒಂದು ಮಾತೂ ಕೇಳದೆ ತಮ್ಮ ಟಾರ್ಚ್ ಹಚ್ಚಿ ಗಿಡದ ಬುಡವೆಲ್ಲ ಹುಡುಕಲು ಶುರುಮಾಡಿದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಅಂದಹಾಗೆ ಸಾರ್, ಏನು ಹುಡುಕ್ತಾ ಇದೀವಿ?” ಅಷ್ಟು ಹೊತ್ತೂ ಷಟರ್ ತೆರೆದೇ ಇತ್ತು. 1914ರ ಸುಮಾರಿಗೆ ಅಮೆರಿಕದಲ್ಲಿ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ಎಂಬ ದಂಪತಿ ಕೆಲಸಗಾರರ ಕೈಗೆ ಬಲ್ಬ್ ಕಟ್ಟಿ, ಬೆಳಕಿನ ಗೆರೆ ನೋಡಿ, ಯಾವ ಓಡಾಟ ದಂಡ ಅಂತ ಲೆಕ್ಕ ಹಾಕುತ್ತಿದ್ದರು. ನಮ್ಮಿಬ್ಬರ ಆ ಫೋಟೊ ಅವರಿಗೆ ಸಿಕ್ಕಿದ್ದರೆ ಪೂರ್ತಿ ದಂಡ ಅಂತಲೇ ಬರೆಯುತ್ತಿದ್ದರು.

ಕೊನೆಗೂ ಒಂದು ‘ಅಮ್ಮ’ ಚೊಕ್ಕವಾಗಿ ಬಂತು. ಚಪ್ಪಲಿಯಿಂದ ಚಪ್ಪಲಿಗೆ ಸರಿಯಾಗಿ ಕೂತಿತ್ತು. ಮಗಳಿಗೆ ತೋರಿಸಿದೆ.

“ಅಪ್ಪಾ, ಇದು ಯಾವ ಭಾಷೆ?”

ನಾನು ಕ್ಯಾಮೆರಾಗೆ ಎದುರು ನಿಂತು ನನಗೆ ಸರಿಕಾಣುವ ಹಾಗೆ ಬರೆದಿದ್ದೆ. ಕ್ಯಾಮೆರಾ ಅದನ್ನು ಹಿಂದಿನಿಂದ ನೋಡಿತ್ತು. ಎಲ್ಲ ಉಲ್ಟಾ. ಮ್ಯಾನ್ ರೇ ಎಂಬ ದೊಡ್ಡ ಕಲಾವಿದ 1935ರಲ್ಲಿ ಕ್ಯಾಮೆರಾ ಮುಂದೆ ನಿಂತು ಬೆಳಕಿನಲ್ಲಿ ಏನೇನೋ ಗೀಚಿದ್ದ. ಎಲ್ಲರೂ ಅದನ್ನು ಬರೀ ಸುರುಳಿ ಅಂದುಕೊಂಡಿದ್ದರು. 2009ರಲ್ಲಿ ಎಲೆನ್ ಕ್ಯಾರಿ ಎಂಬ ಫೋಟೊಗ್ರಾಫರ್ ಅದಕ್ಕೆ ಕನ್ನಡಿ ಹಿಡಿದು ನೋಡಿದರೆ ಅವನದೇ ಸಹಿ! ಅವನ ಉಲ್ಟಾ ಬರಹ ಬಯಲಾಗಲು 74 ವರ್ಷ ಬೇಕಾಯಿತು. ನನ್ನದಕ್ಕೆ ಏಳು ಸೆಕೆಂಡ್. ಪಿಕಾಸೊ 1949ರಲ್ಲಿ ಗ್ಯೋನ್ ಮಿಲಿಯ ಕ್ಯಾಮೆರಾ ಮುಂದೆ ಪುಟ್ಟ ದೀಪ ಹಿಡಿದು ಗಾಳಿಯಲ್ಲಿ ಚಿತ್ರ ಬಿಡಿಸಿದ್ದ. ಅವನು ಬುದ್ಧಿವಂತ. ಅಕ್ಷರದ ತಂಟೆಗೆ ಹೋಗದೆ ಅರ್ಧ ಕುದುರೆ, ಅರ್ಧ ಮನುಷ್ಯನ ಆಕಾರ ಬರೆದ. ಅದು ಎಡಕ್ಕೆ ನೋಡಿದರೇನು, ಬಲಕ್ಕೆ ನೋಡಿದರೇನು, ಯಾರು ಕೇಳುತ್ತಾರೆ?

ನಾಲ್ಕನೇ ರಾತ್ರಿ ಕ್ಯಾಮೆರಾಗೆ ಬೆನ್ನು ಹಾಕಿ ಬರೆದೆ. ಬೆನ್ನೇ ಅಕ್ಷರ ನುಂಗಿತು. ಬೇಕಂತಲೇ ಉಲ್ಟಾ ಬರೆದೆ. ‘ಅ’ ಉಲ್ಟಾ ಬಂತು, ‘ಮ’ ಅಭ್ಯಾಸಬಲದಿಂದ ಸುಲ್ಟಾ ಬಂತು, ಒತ್ತು ಎರಡೂ ಬಿಟ್ಟು ‘ಅ’ದ ಕೆಳಗೆ ಹೋಗಿ ಕೂತಿತು. ಸಾಕಾಯಿತು. ಮೊದಲಿನ ಹಾಗೇ ಬರೆದು, ಬಂದದ್ದರಲ್ಲಿ ಚೆಂದದ್ದನ್ನು ಆರಿಸಿ, ಕಂಪ್ಯೂಟರಿನಲ್ಲಿ ತಿರುಗಿಸಿದೆ. ಒಂದು ಗುಂಡಿ. ‘ಅಮ್ಮ’ ನೆಟ್ಟಗಾಯಿತು. ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ, ಹುಟ್ಟಿದ ದಿನ ಬೆಳಗ್ಗೆ ಕೈಗಿಟ್ಟೆ.

ಅಮ್ಮ ಕನ್ನಡಕವಿಲ್ಲದೆ ತುಂಬಾ ಹೊತ್ತು ನೋಡಿದಳು. ಕಣ್ಣು ತೇವವಾಯಿತು. “ತುಂಬಾ ಚೆನ್ನಾಗಿದೆ ಕಣೋ” ಅಂದಳು. ಆಮೇಲೆ, “ಯಾರ ಮನೆ ಇದು?”

“ನಮ್ಮನೆ ಅಮ್ಮಾ!”

“ನಮ್ಮನೆ ಮೆಟ್ಟಿಲು ಬಲಕ್ಕಲ್ವಾ?”

ಬಲಕ್ಕೇ. ಅಕ್ಷರದ ಜೊತೆ ಮನೆಯೂ ತಿರುಗಿತ್ತು. ಮೆಟ್ಟಿಲು ಎಡಕ್ಕೆ, ನಲ್ಲಿ ಬಲಕ್ಕೆ, ಗೋಡೆಯ ಮೇಲಿನ ಮನೆ ನಂಬರು ಹಿಂದುಮುಂದು. 40 ವರ್ಷ ಹತ್ತಿ ಇಳಿದ ಮೆಟ್ಟಿಲು ಅವಳಿಗೆ ಗೊತ್ತಾಗದೆ ಇರುತ್ತದಾ? ಮನೆ ಸರಿ ಮಾಡಿದರೆ ಅಕ್ಷರ ಉಲ್ಟಾ ಆಗುತ್ತದೆ, ಅಕ್ಷರ ಸರಿ ಮಾಡಿದರೆ ಮನೆ ಉಲ್ಟಾ ಆಗುತ್ತದೆ ಅಂತ ವಿವರಿಸಿದೆ. ಅಮ್ಮ ತಾಳ್ಮೆಯಿಂದ ಕೇಳಿಸಿಕೊಂಡಳು. “ಮನೆ ಸರಿ ಇರೋದನ್ನೇ ಕೊಡು. ಮಿಕ್ಕದ್ದು ನಾನು ನೋಡ್ಕೋತೀನಿ” ಅಂದಳು.

ಮರುದಿನ ತಿರುಗಿಸದ ಫೋಟೊ ತಂದುಕೊಟ್ಟೆ. ಅಮ್ಮ ಅದನ್ನು ತನ್ನ ಕೋಣೆಯಲ್ಲಿ, ಬೀರುವಿನ ಕನ್ನಡಿಗೆ ಸರಿಯಾಗಿ ಎದುರು ಗೋಡೆಗೆ ತೂಗುಹಾಕಿಸಿದಳು. ತಿರುಗಿ ನೋಡಿದರೆ ಮನೆ. ತಲೆ ಬಾಚಿಕೊಳ್ಳುವಾಗ ಕನ್ನಡಿಯಲ್ಲಿ ಅವಳ ಭುಜದ ಪಕ್ಕಕ್ಕೆ ನೆಟ್ಟಗೆ ‘ಅಮ್ಮ’.

ನಿನ್ನೆ ಬೆಳಗ್ಗೆ ಕನ್ನಡಕ ಹಾಕಿಕೊಂಡು ಬಾಚುತ್ತಿದ್ದವಳು ಬಾಚಣಿಗೆ ಹಿಡಿದ ಹಾಗೇ ನಿಂತಳು. ಕನ್ನಡಿಯೊಳಗಿನ ಒತ್ತಕ್ಷರದ ಹತ್ತಿರ, ಬೆಳಕು ಬಿದ್ದ ಕಡೆ ಬೆರಳಿಟ್ಟು ಕರೆದಳು.

“ಬಾರೋ ಇಲ್ಲಿ. ಇದು ನಾನು ಒಂದು ವಾರದಿಂದ ಹುಡುಕ್ತಿರೋ ಚಪ್ಪಲಿ ಅಲ್ವೇನೋ?”