ಸತ್ಯಾಂಶ: ಮೈಸೂರಿನ ಜಾವಾ, ಇಂದಿನ ಜಾವಾ

‘ಮೈಸೂರಿನ ಹಳೆಯ ಜಾವಾ ಬೈಕ್ ಅದೇ ಎಂಜಿನ್‌ನೊಂದಿಗೆ ಮರಳಿದೆ, ಎರಡು ಸೈಲೆನ್ಸರ್ ಇರುವುದರಿಂದ ಎರಡು ಸಿಲಿಂಡರ್’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಮೈಸೂರಿನ ಮೇಲಿನ ಅಭಿಮಾನ ನನಗೂ ಇದೆ. ಆದರೆ ಇದರಲ್ಲಿ ಎರಡು ತಪ್ಪುಗಳಿವೆ.

ಮೊದಲು ಸೈಲೆನ್ಸರ್ ವಿಷಯ. ಹಳೆಯ ಜಾವಾ 250ಕ್ಕೆ ಇದ್ದದ್ದು ಒಂದೇ ಸಿಲಿಂಡರ್, ಅಂದರೆ ಎಂಜಿನ್‌ನಲ್ಲಿ ಇಂಧನ ಉರಿಯುವ ಭಾಗ. ಅದರಿಂದ ಹೊಗೆ ಹೊರಹೋಗಲು ಎರಡು ದಾರಿಗಳಿದ್ದವು, ಹಾಗಾಗಿ ಎರಡು ಕೊಳವೆ. ಹೊಸದರಲ್ಲೂ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು.

ಎಂಜಿನ್ ಮಾತ್ರ ಪೂರ್ತಿ ಬೇರೆ. ಹಳೆಯದು ಟೂ ಸ್ಟ್ರೋಕ್: ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಕ್ರ್ಯಾಂಕ್ (ಎಂಜಿನ್‌ನೊಳಗೆ ತಿರುಗುವ ದಂಡ) ಸುತ್ತಿದ ಪ್ರತಿ ಸಲವೂ ಇಂಧನ ಉರಿಯುತ್ತದೆ. ಇಂದಿಗೂ ಕಿವಿಯಲ್ಲಿ ಉಳಿದಿರುವ ಆ ಸದ್ದು ಹುಟ್ಟುವುದು ಅಲ್ಲಿಂದಲೇ. 2018ರಲ್ಲಿ ಬಂದ ಜಾವಾ 293 ಸಿಸಿಯ, ದ್ರವದಿಂದ ತಂಪಾಗುವ ಫೋರ್ ಸ್ಟ್ರೋಕ್. ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಅದೇ ಸದ್ದನ್ನು ಅದರಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಗೇರುಗಳು ನಾಲ್ಕರಿಂದ ಆರಾಗಿವೆ. ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿ ಗೇರ್ ಲಿವರ್ ಮಾಡಿಕೊಳ್ಳುವ ಹಳೆಯ ಜಾಣತನ ಹೊಸದರಲ್ಲಿಲ್ಲ. ನನಗೆ ಅದೊಂದು ನಿಜವಾದ ನಷ್ಟ.

ಹೊಸ ಜಾವಾ ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಜಾವಾ ಹೆಸರು ಹುಟ್ಟಿದ್ದೂ ಮೈಸೂರಿನಲ್ಲಲ್ಲ, 1929ರಲ್ಲಿ ಆಗಿನ ಚೆಕೊಸ್ಲೊವಾಕಿಯಾದಲ್ಲಿ: ಸ್ಥಾಪಕ ಯಾನೆಚೆಕ್ (Janeček) ಮತ್ತು ಜರ್ಮನಿಯ ಕಂಪನಿ ವಾಂಡರರ್ (Wanderer) ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳು (Ja, Wa) ಕೂಡಿ.