ಫಾದರ್ ಪ್ರೊ ಮೆಕ್ಸಿಕೋದಲ್ಲಿ ಉಳಿದದ್ದು ಸರಿಯೇ?

ಪರ: ಕರೆದವರ ಮನೆಗೆ ಹೋಗದವ ಎಂಥ ಪಾದ್ರಿ?

ಕ್ಯಾಥೊಲಿಕ್ ಚರ್ಚಿನ ಜೆಸ್ವಿಟ್ ಸಂಘದ ಗುರು ಮಿಗೆಲ್ ಪ್ರೊ 1926ರ ಜುಲೈನಲ್ಲಿ ಬೆಲ್ಜಿಯಂನಿಂದ ಮೆಕ್ಸಿಕೋಗೆ ಮರಳಿದರು. ಗುರುದೀಕ್ಷೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಟ್ಟೆಯ ಆಪರೇಷನ್‌ಗಳಿಂದ ದೇಹ ಸೊರಗಿತ್ತು. ಅದೇ ತಿಂಗಳ ಕೊನೆಗೆ ಚರ್ಚಿನ ಕೈಕಟ್ಟುವ ಅಧ್ಯಕ್ಷ ಕಾಯೆಸ್‌ರ ಕಾನೂನು ಜಾರಿಗೆ ಬಂತು. ಪಾದ್ರಿ ನಿಲುವಂಗಿ ತೊಟ್ಟು ಬೀದಿಗೆ ಬಂದರೆ 500 ಪೆಸೊ ದಂಡ. ತಬಾಸ್ಕೊ ರಾಜ್ಯದಲ್ಲಂತೂ ಮದುವೆಯಾದ ಪಾದ್ರಿಗೆ ಮಾತ್ರ ಪೂಜೆಯ ಅನುಮತಿ! ಇಂಥದಕ್ಕೆಲ್ಲ ತಲೆಬಾಗಬೇಕಿತ್ತಾ?

ಪ್ರೊ ವೇಷ ಬದಲಿಸಿದರು. ಒಂದು ದಿನ ಮೆಕ್ಯಾನಿಕ್, ಇನ್ನೊಂದು ದಿನ ಸೂಟು ತೊಟ್ಟ ಶೋಕಿಲಾಲ. ಪೊಲೀಸರು ಬೆನ್ನು ಹತ್ತಿದಾಗ ಎದುರು ಬಂದ ಪರಿಚಯದ ಹುಡುಗಿಯ ತೋಳು ಹಿಡಿದು, ಪ್ರೇಮಿಗಳಂತೆ ನಡೆದು ಪಾರಾದ ಕಥೆಯೂ ಇದೆ. ಮನೆಮನೆಗಳಲ್ಲಿ ಗುಟ್ಟಾಗಿ ಪರಮಪ್ರಸಾದ, ಅಂದರೆ ಪೂಜೆಯ ಪವಿತ್ರ ರೊಟ್ಟಿ, ಹಂಚಿದರು. ಬಡವರಿಗೆ ಅಕ್ಕಿ-ಬೇಳೆ, ಬಾಡಿಗೆ ದುಡ್ಡು ಹೊಂದಿಸಿದರು.

ಪಾದ್ರಿ ಮನೆಗೆ ಬರುವುದು ಅಂದರೇನು ಅಂತ ನಾನು ನೋಡಿದ್ದೇನೆ. ನಮ್ಮಜ್ಜಿ ಹಾಸಿಗೆ ಹಿಡಿದಿದ್ದರು. ಜೋರು ಮಳೆ, ತೋಟದ ದಾರಿಗೆ ಜೀಪೂ ಇಳಿಯದು. ಮಗ ಬಂದಿದ್ದಾನೆ ಅಂದರೂ ಕಣ್ಣು ತೆರೆಯಲಿಲ್ಲ, ಡಾಕ್ಟರ್ ಅಂದರೂ ಇಲ್ಲ. ಫಾದರ್ ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದರು. ಅಜ್ಜಿ ನಮ್ಮನ್ನೆಲ್ಲ ಕೈಸನ್ನೆಯಲ್ಲೇ ಹೊರಗಟ್ಟಿದರು. ಎಷ್ಟೋ ಹೊತ್ತು ಪಾಪನಿವೇದನೆ ನಡೆಯಿತು. ಎಂಬತ್ತು ದಾಟಿದ ಆ ಮುದುಕಿಗೆ ಅಷ್ಟು ಪಾಪ ಎಲ್ಲಿತ್ತೋ! ಆಮೇಲೆ ಗಂಜಿ ಕೇಳಿದರು, ಉಪ್ಪು ಕಮ್ಮಿ ಅಂತ ಅತ್ತೆಗೆ ಬೈದರು. ಮೂರು ದಿನದಿಂದ ಆ ಬಾಯಿಂದ ಮಾತೇ ಹೊರಟಿರಲಿಲ್ಲ.

ಮೆಕ್ಸಿಕೋ ಸಿಟಿಯಲ್ಲಿ ಹೀಗೆ ಕಾಯುತ್ತಿದ್ದ ಅಜ್ಜಿಯರು ಎಷ್ಟಿರಲಿಲ್ಲ? ಆಶ್ರಯ ಕೊಟ್ಟವರನ್ನೂ ಅಪಾಯಕ್ಕೆ ದೂಡಿದರು ಅನ್ನುವವರಿದ್ದಾರೆ. ಹಾಗನ್ನುವವರ ಪ್ರಕಾರ ಪಾದ್ರಿ ಬೆಲ್ಜಿಯಂನಲ್ಲಿ ಕಾಫಿ ಕುಡಿಯುತ್ತಾ ಪತ್ರ ಬರೆಯಬೇಕಿತ್ತೇನೋ.

1927ರ ನವೆಂಬರ್ 23ರಂದು, ವಿಚಾರಣೆಯೇ ಇಲ್ಲದೆ, ಪೊಲೀಸ್ ಕೇಂದ್ರದ ಅಂಗಳದಲ್ಲಿ ಪ್ರೊ ಅವರಿಗೆ ಗುಂಡಿಟ್ಟರು. ಕಣ್ಣಿಗೆ ಬಟ್ಟೆ ಬೇಡ ಅಂದರು. ಶಿಲುಬೆಯಂತೆ ತೋಳು ಚಾಚಿ 'ಕ್ರಿಸ್ತರಾಜನಿಗೆ ಜಯವಾಗಲಿ' ಅಂದರು. ಹೆದರಿಸೋಣ ಅಂತ ಸರ್ಕಾರವೇ ಫೋಟೊಗ್ರಾಫರ್‌ಗಳನ್ನು ಕರೆಸಿತ್ತು. ಹೆದರಬೇಕಾದ ಜನ ಸಾವಿರಾರು ಸಂಖ್ಯೆಯಲ್ಲಿ ಶವಯಾತ್ರೆಗೆ ಬಂದರು. 1988ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಪುನೀತರೆಂದು (ಸಂತ ಪದವಿಗೆ ಮುಂಚಿನ ಮೆಟ್ಟಿಲು) ಸಾರಿದರು. ಇನ್ನೇನು ಬೇಕು?

ವಿರೋಧ: ಲೆಕ್ಕ ನೋಡಿದರೆ

ಈ ಕಡೆ ಬರೆಯಲು ಯಾರೂ ಒಪ್ಪಲಿಲ್ಲವಂತೆ, ಹಾಗಾಗಿ ನನ್ನ ಪಾಲಿಗೆ ಬಂತು. ಪುನೀತರ ಮೇಲೆ ತಪ್ಪು ಹೊರಿಸುವುದು ನನಗೂ ಇಷ್ಟದ ಕೆಲಸವಲ್ಲ.

ಆದರೂ ಕೆಲವು ವಿಷಯ ಹೇಳಬೇಕು. ಕಾನೂನು ಕೆಟ್ಟದ್ದೇ, ಒಪ್ಪುತ್ತೇನೆ. ಆದರೆ ಪಾದ್ರಿಗಳು ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕು ಅಂದಾಗ, ದೇಶದಾದ್ಯಂತ ಚರ್ಚುಗಳಲ್ಲಿ ಪೂಜೆ ನಿಲ್ಲಿಸಲು ತೀರ್ಮಾನಿಸಿದ್ದು ಬಿಷಪರು. ಇದನ್ನು ಜಾಸ್ತಿ ಯಾರೂ ಹೇಳುವುದಿಲ್ಲ.

1926ರ ಡಿಸೆಂಬರ್‌ನಲ್ಲಿ ಬಲೂನ್‌ಗಳಿಂದ ಕರಪತ್ರ ಉದುರಿಸಿದ ಪ್ರಕರಣದಲ್ಲಿ ಪ್ರೊ ಅವರನ್ನು ಬಂಧಿಸಿ ಬಿಟ್ಟಿದ್ದರು. ಪೊಲೀಸರ ಕಣ್ಣು ತಮ್ಮ ಮೇಲಿದೆ ಅಂತ ಆಗಲೇ ಗೊತ್ತಿತ್ತು. ಅವರ ತಮ್ಮಂದಿರು ಈ ಕಾನೂನನ್ನು ವಿರೋಧಿಸುತ್ತಿದ್ದ ಧಾರ್ಮಿಕ ಸ್ವಾತಂತ್ರ್ಯ ರಕ್ಷಣಾ ಲೀಗಿನಲ್ಲಿದ್ದರು. 1927ರ ನವೆಂಬರ್ 13ರಂದು ಮಾಜಿ ಅಧ್ಯಕ್ಷ ಜನರಲ್ ಒಬ್ರೆಗಾನ್ ಮೇಲೆ ಬಾಂಬು ಎಸೆದ ಕಾರು ಮೊದಲು ತಮ್ಮ ಉಂಬೆರ್ತೊನದ್ದಾಗಿತ್ತು. ಸಂಚು ನನ್ನದು ಅಂತ ಎಂಜಿನಿಯರ್ ಸೆಗುರಾ ವಿಲ್ಚಿಸ್ ಒಪ್ಪಿಕೊಂಡ. ಆದರೂ ಅದೇ ಕೇಸಿನಲ್ಲಿ ಹಿಡಿದಿದ್ದ ಪ್ರೊ ಅವರನ್ನು ಬಿಡಲಿಲ್ಲ, ಉಂಬೆರ್ತೊನಿಗೂ ಅದೇ ದಿನ ಗುಂಡು. ಇನ್ನೊಬ್ಬ ತಮ್ಮ ರೊಬೆರ್ತೊ ಉಳಿದದ್ದು ಅರ್ಜೆಂಟೀನಾದ ರಾಯಭಾರಿ ಮಧ್ಯೆ ಬಂದದ್ದರಿಂದ. ಆ ಅಪ್ಪನ ಸ್ಥಿತಿ ಯೋಚಿಸಿ: ಒಂದೇ ಬೆಳಿಗ್ಗೆ ಇಬ್ಬರು ಮಕ್ಕಳು ಹೋದರು.

ಅಜ್ಜಿಯ ಕಥೆ ಚೆನ್ನಾಗಿದೆ. ಅದಕ್ಕೆ ಉತ್ತರ ನನ್ನಲ್ಲಿಲ್ಲ. ಆದರೆ ಆ ಫಾದರ್ ದಾಟಿದ್ದು ಕೆಸರು, ಬಂದೂಕಲ್ಲ.

1929ರ ಜೂನ್‌ನಲ್ಲಿ ಬಿಷಪರೂ ಸರ್ಕಾರವೂ ರಾಜಿ ಮಾಡಿಕೊಂಡರು, ಪೂಜೆ ಮತ್ತೆ ಶುರುವಾಯಿತು. ಪ್ರೊ ಅವರಿಗೆ ಗುಂಡಿಟ್ಟು ಆಗ ಬರೀ 19 ತಿಂಗಳು; ಅಲ್ಲಿಯವರೆಗೆ ದೇಶದ ಹೊರಗಿದ್ದಿದ್ದರೆ ಸಾಕಿತ್ತು. 1927ರಲ್ಲಿ ಇದು ಯಾರಿಗೆ ಗೊತ್ತಿತ್ತು ಅಂತ ನೀವು ಕೇಳಬಹುದು. ಆ ಪ್ರಶ್ನೆ ಪರ ಬರೆದವರಿಗೇ ಇರಲಿ, ನನಗೆ ಕೊಟ್ಟಿರುವುದು ವಿರೋಧ.