ಹೊರಚೀಲ ಒಂದೇ ದಾರಿಯಲ್ಲ

'ದೊಡ್ಡ ಕರುಳು ತೆಗೆದ ಮೇಲೆ ಹಾಕಿದ ಜೆ ಪೌಚ್ (ಸಣ್ಣ ಕರುಳಿನಿಂದ ಮಾಡಿ ಗುದದ್ವಾರಕ್ಕೆ ಜೋಡಿಸುವ ಒಳಚೀಲ) ಕೈಕೊಟ್ಟರೆ, ಜೀವನಪೂರ್ತಿ ಹೊಟ್ಟೆ ಮೇಲೆ ಮಲದ ಚೀಲವೇ ಗತಿ' ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅದು ಪೂರ್ತಿ ಸರಿಯಲ್ಲ. ಸ್ವೀಡನ್ನಿನ ಸರ್ಜನ್ ನಿಲ್ಸ್ ಕಾಕ್ 1969ರಲ್ಲೇ ಇನ್ನೊಂದು ದಾರಿ ತೋರಿಸಿದ್ದರು. ಸಣ್ಣ ಕರುಳಿನಿಂದಲೇ ಹೊಟ್ಟೆಯೊಳಗೆ ಚೀಲ; ಸೋರದಂತೆ ಅದಕ್ಕೊಂದು ವಾಲ್ವನ್ನು ಆಮೇಲೆ ಸೇರಿಸಿದರು. ಹೊರಗೆ ಪುಟ್ಟ ತೂತು, ಮೇಲೊಂದು ಪ್ಯಾಡ್, ಅಷ್ಟೇ. ದಿನಕ್ಕೆ ಮೂರ್ನಾಲ್ಕು ಸಲ ಟ್ಯೂಬ್ ಹಾಕಿ ಖಾಲಿ ಮಾಡಬೇಕು. ನಮ್ಮಕ್ಕ ಇದನ್ನೇ ಆರಿಸಿಕೊಂಡಳು. ಅಣಬೆಯನ್ನೋ ಜೋಳದ ಕಾಳನ್ನೋ ಸರಿಯಾಗಿ ಅಗಿಯದೆ ನುಂಗಿದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ. ತೆಗೆದು, ತೊಳೆದು, ಮತ್ತೆ ಹಾಕುತ್ತಾಳೆ. ಬೈದುಕೊಳ್ಳುತ್ತಲೇ!

ಹಾಗಂತ ಸುಮ್ನೆ ಎಲ್ಲರಿಗೂ ಹೇಳುವಂಥದ್ದಲ್ಲ. ವಾಲ್ವ್ ಜಾರಿದರೆ ಸೋರುತ್ತದೆ, ಇಲ್ಲವೇ ಟ್ಯೂಬೇ ಒಳಗೆ ಹೋಗುವುದಿಲ್ಲ. ಆಗ ಮತ್ತೆ ಆಪರೇಷನ್. ಇದನ್ನು ಮಾಡುವ ಸರ್ಜನ್‌ಗಳೂ ಕಡಿಮೆ. ಮೊದಲ ಪೌಚ್ ಯಾಕೆ ಕೆಟ್ಟಿತು ಅನ್ನುವುದೇ ಮುಖ್ಯ. ಕರುಳಿಗೆ ಮತ್ತೆ ಮತ್ತೆ ಉರಿಯೂತ ತರುವ ಕ್ರೋನ್ಸ್ ಕಾಯಿಲೆಯಿಂದ ಕೆಟ್ಟಿದ್ದರೆ ಜಾಸ್ತಿ ಡಾಕ್ಟರುಗಳು ಇದಕ್ಕೆ ಒಪ್ಪುವುದಿಲ್ಲ. ಹೊಸ ಚೀಲಕ್ಕೂ ಅದೇ ಕಾಯಿಲೆ ಬಂದು ತೆಗೆಯಬೇಕಾದರೆ ಇನ್ನಷ್ಟು ಸಣ್ಣ ಕರುಳು ಹೋದಂತೆ. ಅಂಥವರಿಗೆ ಹೊರಚೀಲವೇ ವಾಸಿ. ಆದರೆ ಇಂಥದ್ದೊಂದು ಇದೆ ಅಂತ ಒಂದು ಸಾಲಾದರೂ ಬರೆಯಬಹುದಿತ್ತು, ಅಲ್ವಾ?